ಧಾರವಾಡ ದೂರವೋ, ಯಲಹಂಕ ದೂರವೋ?

ಶಿಡ್ಲಘಟ್ಟ ತಾಲ್ಲೂಕಿನ ಹುಡುಗಿಯ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಸಿಟ್ಟು ಬಂತು.

ವಯಸ್ಸು 26. ಧಾರವಾಡದ ಸಂಬಂಧ ಬಂದಿದೆ, ಹುಡುಗ ಒಪ್ಪಿದ್ದಾನೆ, ಇವಳಿಗೂ ಮನಸ್ಸಿದೆ. ಅಪ್ಪನಿಗೆ ಪಕ್ಕದೂರಿನ ಸೋದರತ್ತೆ ಮಗನೇ ಆಗಬೇಕು. ಅಮ್ಮ ಊಟ ಬಿಟ್ಟು ಕೂತಿದ್ದಾರೆ: 'ಅಷ್ಟು ದೂರ ಕೊಟ್ಟರೆ ನಮಗ್ಯಾರು ದಿಕ್ಕು?'

ನೋಡಮ್ಮ, ದೂರ ಅಂದರೆ ನನಗೆ ಭಯವಿಲ್ಲ. ಹೆಂಗಸರು ಊರು ಬಿಡಲು ಕಾರಣವೇನು ಅಂದರೆ 2011ರ ಜನಗಣತಿಯಲ್ಲೂ ಮದುವೆಯೇ ಮೊದಲು. ಎರಡು ಮೈಲಿ ಆಚೆ ಕೊಟ್ಟ ಸೊಸೆಯನ್ನು ವರ್ಷಕ್ಕೊಮ್ಮೆಯೂ ತವರಿಗೆ ಕಳಿಸದ ಅತ್ತೆಯರನ್ನು ಕಂಡಿದ್ದೇನೆ. ಧಾರವಾಡ ಬೆಂಗಳೂರಿನಿಂದಾಚೆ 400 ಕಿ.ಮೀ. ಮೇಲಾಯಿತು, ನಿಜ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. 2023ರ ಜೂನ್‌ನಿಂದ ಸಾದಾ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿನಗೆ ಟಿಕೆಟ್ ದುಡ್ಡೂ ಇಲ್ಲ. ಮುದ್ದೆ ತಿರುವಿದ ಕೈಗೆ ಜೋಳದ ರೊಟ್ಟಿ ತಟ್ಟೋದೇ ಕಷ್ಟ. ಕಲಿತೀಯ ಬಿಡು.

ನನಗೆ ಸಿಟ್ಟು ಬರಿಸಿದ್ದು ಕಾಗದದ ಕೊನೆಯಲ್ಲಿ ನೀನು ತುರುಕಿದ ಸಾಲು: 'ಹುಳು ಮನೆ ನಾನೇ ನೋಡ್ಕೊಳ್ಳೋದು. ಅಣ್ಣ ಯಲಹಂಕದಲ್ಲಿದ್ದಾನೆ, ಹಬ್ಬಕ್ಕೆ ಬರ್ತಾನೆ.'

ರೇಷ್ಮೆ ಸಾಕಿದ ಮನೆಯಲ್ಲಿ ಬೆಳೆದವಳು ನಾನು. ಹುಳು ಮೇವು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತೀವಿ; ನಾಲ್ಕನೇ ಜ್ವರ ಎದ್ದ ಮೇಲೆ ಅದು ಹಗಲೂ ರಾತ್ರಿ ಮೇಯುತ್ತದೆ. ಸೊಪ್ಪು ಹಾಕಿ ಬಾಗಿಲು ಮುಚ್ಚುವಷ್ಟರಲ್ಲಿ ಒಳಗೆ ಜಡಿಮಳೆಯ ಸದ್ದು. ನಡುರಾತ್ರಿ ಎದ್ದು ಕಡ್ಡಿಸೊಪ್ಪು ಹಾಸೋದು ಯಾರು? ಗೂಡು ಕಟ್ಟಲು ಹಣ್ಣಾದ ಹುಳು ಆರಿಸಿ ಚಂದ್ರಂಕಿ ತಟ್ಟೆಗೆ ಬಿಡೋದು ಯಾರು? ನೀನು ಹೋದರೆ ಶೆಡ್ಡು ಖಾಲಿ. ನಿಮ್ಮಮ್ಮನ ಅಳುವಿನಲ್ಲಿ ಅರ್ಧ ಅದೇ. ಪಾಪ, ಅವರನ್ನು ಬೈಯಲಾರೆ. ಬೈಸಿಕೊಳ್ಳಬೇಕಾದವನು ಅಣ್ಣ. ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಮನೆ ಸೇರಬಹುದಾದ ಊರಲ್ಲಿದ್ದಾನೆ, ಯುಗಾದಿಗೆ ನೆಂಟನ ಹಾಗೆ ಬಂದು ಒಬ್ಬಟ್ಟು ತಿಂದು ಹೋಗುತ್ತಾನೆ. ಅವನು ಊರು ಬಿಟ್ಟಾಗ 'ದೂರ' ಎಂದು ಯಾರಾದರೂ ಅತ್ತರಾ?

ಒಂದೇ ಕೆಲಸ ಮಾಡು. ಮುಂದಿನ ಬೆಳೆ ನಾಲ್ಕನೇ ಜ್ವರಕ್ಕೆ ಕೂತ ದಿನ ಅವನಿಗೆ ಫೋನ್ ಹಚ್ಚಿ, ಹದಿನೈದು ದಿನ ರಜ ಹಾಕಿ ಬಾ ಅನ್ನು. ರಜ ಸಿಗಲ್ಲ ಅಂದನೋ, ಆಳಿನ ಕೂಲಿ ಅವನೇ ಕಳಿಸಲಿ. ನೀನು ಮಾತ್ರ ಶೆಡ್ಡಿಗೆ ಕಾಲಿಡಬೇಡ. ಗೂಡು ಶಿಡ್ಲಘಟ್ಟದಲ್ಲಿ ಹರಾಜಾದ ಸಂಜೆ ಧಾರವಾಡದವರಿಗೆ ಹೂಂ ಅನ್ನು.