ಮಾತ್ರೆಯ ಜೊತೆ ಊಟವನ್ನೂ ಕೇಳಿದರೆ ತಪ್ಪೇನು?

ಪತ್ರ: ಸಂಪಾದಕರೇ, ಎಚ್‌ಐವಿ ಇರುವವರಿಗೆ ಪೌಷ್ಟಿಕ ಆಹಾರವನ್ನೂ ಕೊಡಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಔಷಧಿ ಉಚಿತವಾಗಿ ಸಿಗುತ್ತಿದೆ. ಅದರ ಮೇಲೆ ಊಟವನ್ನೂ ಕೊಡುತ್ತಾ ಹೋದರೆ ದುಡಿಯುವ ಮನಸ್ಸು ಯಾರಿಗೆ ಉಳಿಯುತ್ತದೆ? ಹಸಿದವರು ಬೇರೆಯವರೂ ಇದ್ದಾರಲ್ಲ, ಅವರೇನು ಪಾಪ ಮಾಡಿದ್ದಾರೆ? ಕೊಡಲೇಬೇಕು ಎಂದಾದರೆ, ದುರುಪಯೋಗ ಆಗದಂತೆ ಪಡೆಯುವವರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಲಿ.
– ಒಬ್ಬ ಓದುಗ

ಉತ್ತರ: ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಕೆಟ್ಟ ಮನಸ್ಸಿಲ್ಲ. ಎಷ್ಟೋ ಜನ ಇದನ್ನೇ ಒಳಗೊಳಗೆ ಅಂದುಕೊಂಡು ಸುಮ್ನೆ ಇರುತ್ತಾರೆ. ನೀವು ಬರೆದಿರಿ. ಅದಕ್ಕೇ ಈ ಸಲದ ಪುಟವನ್ನು ನಿಮ್ಮ ಪತ್ರಕ್ಕೇ ಬಿಟ್ಟುಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಒಪ್ಪುತ್ತೇನೆ. ಹಸಿವು ಎಚ್‌ಐವಿ ಇರುವವರ ಸ್ವತ್ತಲ್ಲ. ಊಟದ ಹೆಸರಿನಲ್ಲಿ ಅನಾಹುತ ಆದದ್ದೂ ಉಂಟು. ದಕ್ಷಿಣ ಆಫ್ರಿಕಾದ ಆರೋಗ್ಯ ಮಂತ್ರಿಯಾಗಿದ್ದ ಮಾಂಟೊ ಶಬಲಾಲಾ-ಮ್ಸಿಮಾಂಗ್ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣಿನ ಗುಣಗಾನ ಮಾಡುತ್ತಾ ಔಷಧಿಯ ವಿಷಯದಲ್ಲಿ ಕಾಲ ತಳ್ಳಿದರು. 2006ರಲ್ಲಿ ಟೊರೊಂಟೊದ ಏಡ್ಸ್ ಸಮ್ಮೇಳನದಲ್ಲಿ ಅವರ ದೇಶದ ಮಳಿಗೆಯಲ್ಲೂ ಇವೇ ತರಕಾರಿಗಳಿದ್ದವು. ಆ ಕಾಲದ ಸರ್ಕಾರ ಔಷಧಿ ತಡಮಾಡಿದ್ದಕ್ಕೆ 3 ಲಕ್ಷಕ್ಕೂ ಜಾಸ್ತಿ ಜನ ಸತ್ತರು ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದವರು ಆಮೇಲೆ ಅಂದಾಜು ಮಾಡಿದರು. ಮಾತ್ರೆ ಬಿಟ್ಟು ಊಟ ಎನ್ನುವವರ ವಿರುದ್ಧ ನಿಮಗಿಂತ ಮುಂದೆ ನಾನು ನಿಲ್ಲುತ್ತೇನೆ. ನಾನು ಕೇಳುತ್ತಿರುವುದು ಮಾತ್ರೆಯ ಜೊತೆ ಊಟ.

ಈಗ ನಿಮ್ಮ ‘ಔಷಧಿ ಉಚಿತವಾಗಿ ಸಿಗುತ್ತಿದೆ’ ಎಂಬ ಮಾತಿಗೆ ಬರೋಣ. ಈ ಕಾಯಿಲೆ ಹೊಟ್ಟೆಯನ್ನು ಹೇಗೆ ಹಿಡಿಯುತ್ತದೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ವೈರಸ್ ಮೈಗೆ ಹೊಕ್ಕ ಮೊದಲ ವಾರಗಳಲ್ಲೇ ಕರುಳಿನ ಗೋಡೆಯಲ್ಲಿರುವ, ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳನ್ನು ನಾಶ ಮಾಡುತ್ತದೆ. ಆಮೇಲೆ ತಿಂದದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಯಿಲೆ ಬಲಿತರೆ ಬಾಯಿ, ಗಂಟಲಲ್ಲಿ ಬಿಳಿ ಪೊರೆ ಕಟ್ಟಿ ನುಂಗುವುದೇ ಕಷ್ಟ. ಭೇದಿ, ಜ್ವರ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಲೆಕ್ಕ ಕೊಟ್ಟಿದೆ. ಯಾವ ಲಕ್ಷಣವೂ ಇಲ್ಲದ ಸೋಂಕಿತರಿಗೂ ಮಾಮೂಲಿಗಿಂತ ಸುಮಾರು 10% ಜಾಸ್ತಿ ಕ್ಯಾಲರಿ ಬೇಕು. ಲಕ್ಷಣಗಳು ಶುರುವಾದ ದೊಡ್ಡವರಿಗೆ 20ರಿಂದ 30% ಜಾಸ್ತಿ. ತೂಕ ಇಳಿಯುತ್ತಿರುವ ಮಕ್ಕಳಿಗೆ 50ರಿಂದ 100%. ದುಡಿಯುವ ಶಕ್ತಿ ಹೋದ ಹೊತ್ತಿನಲ್ಲೇ ಜಾಸ್ತಿ ಊಟ ಬೇಕಾಗುತ್ತದೆ. ಎಲ್ಲಿಂದ ತರಬೇಕು, ಹೇಳಿ.

1980ರ ದಶಕದಲ್ಲಿ ಉಗಾಂಡಾದ ಹಳ್ಳಿಗಳ ಜನ ಈ ಕಾಯಿಲೆಯನ್ನು ‘ಸ್ಲಿಮ್’, ಅಂದರೆ ಸಣಕಲು, ಎಂದೇ ಕರೆದರು. ಕಣ್ಣೆದುರೇ ಮನುಷ್ಯರು ಒಣಗಿಹೋಗುತ್ತಿದ್ದರು. ಈಗ ಒಳ್ಳೆಯ ಮಾತ್ರೆಗಳಿವೆ, ನಿಜ. ಆದರೆ ಒಣಗಿದ ಮೇಲೆ ಮಾತ್ರೆ ಹಿಡಿದವರ ಕತೆ ಏನಾಯಿತು? ಮಲಾವಿಯ ಒಂದು ಜಿಲ್ಲೆಯ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಶುರುವಾಗುವಾಗ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 16ಕ್ಕಿಂತ ಕೆಳಗಿದ್ದವರು, ಅಂದರೆ ತೀರಾ ಸೊರಗಿದ್ದವರು, ಮೊದಲ 3 ತಿಂಗಳಲ್ಲೇ ಸಾಯುವ ಅಪಾಯ, ಸರಿಯಾದ ತೂಕ ಇದ್ದವರಿಗಿಂತ ಸುಮಾರು 6 ಪಟ್ಟು ಇತ್ತು. ಮಾತ್ರೆ ಇಬ್ಬರಿಗೂ ಉಚಿತವೇ.

ಮಾತ್ರೆ ಕೆಲಸ ಮಾಡಲು ಶುರುವಾದಾಗ ಇನ್ನೊಂದು ಆಗುತ್ತದೆ. ಸತ್ತುಹೋಗಿದ್ದ ಹಸಿವು ವಾಪಸ್ ಬರುತ್ತದೆ. ಅದು ಗುಣವಾಗುತ್ತಿರುವ ಲಕ್ಷಣ. ಮನೆಯಲ್ಲಿ ಏನೂ ಇಲ್ಲದವರಿಗೆ ಅದೇ ಶಿಕ್ಷೆ. ಬಹಳ ಕಾಲ ಇದೇ ಕೆಲಸ ಮಾಡಿದ ಕೌನ್ಸೆಲರ್ ಒಬ್ಬರು ನನಗೆ ಹೇಳಿದ್ದು ಮನಸ್ಸಿನಿಂದ ಹೋಗಿಲ್ಲ. ‘ಮಾತ್ರೆ ತಪ್ಪಿಸಿದಿರಾ ಅಂತ ಪ್ರತಿ ತಿಂಗಳು ಕೇಳ್ತೀವಿ ಸರ್. ಊಟ ತಪ್ಪಿತಾ ಅಂತ ಕೇಳೋ ಕಾಲಂ ನಮ್ಮ ಫಾರಂನಲ್ಲೇ ಇಲ್ಲ.’ ಮಾತ್ರೆ ಬಿಟ್ಟವರನ್ನು ಬೇಜವಾಬ್ದಾರಿ ಜನ ಎಂದು ಬೈಯುವುದು ಸುಲಭ. ಕೆಲವು ಮಾತ್ರೆಗಳಿಗಂತೂ ಊಟ ಬೇಕೇ ಬೇಕು. ರಿಲ್ಪಿವಿರಿನ್ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದೇ ಸುಮಾರು 40% ಕಡಿಮೆ. ಈಗ ಹೆಚ್ಚು ಕಡೆ ಕೊಡುವ ಡೊಲುಟೆಗ್ರಾವಿರ್‌ಗೆ ಊಟದ ಹಂಗಿಲ್ಲ. ಮಾತ್ರೆಗೆ ಹಂಗಿಲ್ಲ, ನುಂಗುವ ಮನುಷ್ಯನಿಗೆ ಇದೆ, ಅಲ್ವಾ?

ಜಾಂಬಿಯಾದ ಲುಸಾಕಾದಲ್ಲಿ, ಊಟಕ್ಕೆ ಕಷ್ಟ ಇದ್ದ ರೋಗಿಗಳಿಗೆ ಕೆಲವು ಕ್ಲಿನಿಕ್‌ಗಳಲ್ಲಿ ಚಿಕಿತ್ಸೆಯ ಜೊತೆ ಪಡಿತರ ಕೊಟ್ಟು ನೋಡಿದರು. 2008ರಲ್ಲಿ ವರದಿ ಬಂತು. ಪಡಿತರ ಸಿಕ್ಕವರಲ್ಲಿ 70% ಜನ ಮಾತ್ರೆಗಳನ್ನು ತಪ್ಪದೆ ತಗೊಂಡರು. ಸಿಗದವರಲ್ಲಿ 48%. ಈ ಎರಡನೇ ಗುಂಪಿನವರೆಲ್ಲ ಬೇಜವಾಬ್ದಾರಿ ಜನ ಎನ್ನುತ್ತೀರಾ?

ಇನ್ನು ‘ದುಡಿಯುವ ಮನಸ್ಸು’. ಇದೊಂದು ಮಾತು ನನ್ನನ್ನು ನೋಯಿಸಿತು. ಕೀನ್ಯಾದ ಪಶ್ಚಿಮ ಭಾಗದಲ್ಲಿ ‘ಶಾಂಬಾ ಮೈಶಾ’ ಎಂಬ ಕಾರ್ಯಕ್ರಮ ನಡೆಯಿತು. ಎಚ್‌ಐವಿ ಇರುವ ರೈತರಿಗೆ ಸಾಲದ ಮೇಲೆ ನೀರೆತ್ತುವ ಪಂಪು, ಜೊತೆಗೆ ಬೇಸಾಯದ ತರಬೇತಿ. ಜನ ಕಾಯಿಲೆ ಇಟ್ಟುಕೊಂಡೇ ಹೊಲಕ್ಕಿಳಿದರು. ಮನೆಯ ಹಸಿವು ಕಡಿಮೆಯಾಯಿತು, ಮನಸ್ಸಿನ ಕುಗ್ಗುವಿಕೆಯೂ ಕಡಿಮೆಯಾಯಿತು. ಎದ್ದು ನಿಲ್ಲಲಾಗದವರಿಗೆ ಮೊದಲು ಊಟ, ಎದ್ದ ಮೇಲೆ ಕೆಲಸಕ್ಕೆ ಬೇಕಾದ ಸಾಮಾನು. ಈ ಕ್ರಮವನ್ನು ತಿರುಗಿಸಿ ಹಾಕಿ, ಮೊದಲು ದುಡಿ ಆಮೇಲೆ ತಿನ್ನು ಎಂದರೆ ಅವರು ಎರಡೂ ಮಾಡಲಾರರು.

ಆದರೆ ಇದೇ ಪ್ರಯೋಗದ ದೊಡ್ಡ ಸುತ್ತಿನಲ್ಲಿ ಪಂಪು ಸಿಕ್ಕವರಿಗೂ ಸಿಗದವರಿಗೂ ವೈರಲ್ ಲೋಡ್‌ನಲ್ಲಿ, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣದಲ್ಲಿ, ಅಂಥ ವ್ಯತ್ಯಾಸ ಕಾಣಲಿಲ್ಲ. ತಕ್ಷಣ ಶುರುವಾಯಿತು ನೋಡಿ, ‘ಹಾಗಾದರೆ ಊಟದಿಂದ ಏನು ಲಾಭ?’ ಎಂಬ ಪ್ರಶ್ನೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಮನೆಮಂದಿ ಹೊಟ್ಟೆ ತುಂಬಾ ಉಂಡದ್ದು ಲಾಭ ಅಲ್ಲವೇ? ಹಸಿದವನು ಉಣ್ಣುವುದಕ್ಕೆ ಲ್ಯಾಬ್ ರಿಪೋರ್ಟಿನ ಅನುಮತಿ ಬೇಕೇ? ಆಸ್ಪತ್ರೆಯ ಕಟ್ಟಡಕ್ಕೆ ಬಣ್ಣ ಬಳಿಯುವಾಗ, ಇದರಿಂದ ಎಷ್ಟು ಜನರ ವೈರಲ್ ಲೋಡ್ ಇಳಿಯಿತು ಎಂದು ಯಾರೂ ಕೇಳುವುದಿಲ್ಲ. ಬಡವರ ತಟ್ಟೆ ಮಾತ್ರ ಪ್ರತಿ ಸಲ ಸಾಕ್ಷಿ ಹೇಳಬೇಕು.

ಜಗತ್ತು ಇಟ್ಟುಕೊಂಡ ಗುರಿಗಳನ್ನೇ ನೋಡಿ. 95-95-95. ಸೋಂಕಿತರಲ್ಲಿ 95% ಜನಕ್ಕೆ ತಮಗೆ ಸೋಂಕಿದೆ ಎಂದು ಗೊತ್ತಿರಬೇಕು, ಅವರಲ್ಲಿ 95% ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ 95% ಜನರ ವೈರಸ್ ಹತೋಟಿಯಲ್ಲಿರಬೇಕು. ಒಳ್ಳೆಯ ಗುರಿ. ಆದರೆ ಮೂರರಲ್ಲಿ ಒಂದರಲ್ಲೂ ಹೊಟ್ಟೆಯ ಲೆಕ್ಕವಿಲ್ಲ. ಲೆಕ್ಕದಲ್ಲಿ ಇಲ್ಲದ್ದನ್ನು ಕಡಿತದ ಕಾಲದಲ್ಲಿ ಮೊದಲು ಕೈಬಿಡುತ್ತಾರೆ. 2025ರಲ್ಲಿ ನೋಡಿದೆವಲ್ಲ. ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. ವಿಶ್ವ ಆಹಾರ ಕಾರ್ಯಕ್ರಮಕ್ಕೆ ಆ ವರ್ಷ ಬರಬೇಕಿದ್ದ ಹಣದಲ್ಲಿ ಸುಮಾರು 40% ಕುಸಿಯಿತು. ಅದೇ ವರ್ಷ ದುಬೈನ ಗೋದಾಮಿನಲ್ಲಿ ಹಸಿದ ಮಕ್ಕಳಿಗೆಂದು ಇಟ್ಟಿದ್ದ ಸುಮಾರು 500 ಟನ್ ಬಿಸ್ಕತ್ತು ಹಂಚುವವರಿಲ್ಲದೆ ಅವಧಿ ಮುಗಿದು ಹಾಳಾಯಿತು. ದುರುಪಯೋಗದ ಬಗ್ಗೆ ನಿಮಗೆ ಸಿಟ್ಟಿದ್ದರೆ ಅದರ ಒಂದು ಪಾಲನ್ನು ಇಲ್ಲಿಗೂ ಕಳಿಸಿ.

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕು ಎಂದೂ ಇಲ್ಲ. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂತ್ ಬ್ರಿಂಕರ್ ಎಂಬ ಅಜ್ಜಿ ಇದ್ದರು. ಏಡ್ಸ್ ಬಂದ ಸ್ನೇಹಿತರೊಬ್ಬರು ಅಡುಗೆ ಮಾಡಿಕೊಳ್ಳಲೂ ತ್ರಾಣವಿಲ್ಲದೆ ಸೊರಗಿ ಸತ್ತದ್ದನ್ನು ಕಂಡು, 7 ಜನ ರೋಗಿಗಳಿಗೆ ತಾವೇ ಅಡುಗೆ ಮಾಡಿ ಮನೆಗೆ ಮುಟ್ಟಿಸಲು ಶುರುಮಾಡಿದರು. ಆಗ ಈ ಕಾಯಿಲೆಗೆ ಮಾತ್ರೆಯೇ ಇರಲಿಲ್ಲ. ಮುಟ್ಟಲು ಹೆದರುವ ಜನ ಎಲ್ಲೆಲ್ಲೂ ಇದ್ದರು. ಅವರು ಕಟ್ಟಿದ ‘ಪ್ರಾಜೆಕ್ಟ್ ಓಪನ್ ಹ್ಯಾಂಡ್’ ಇವತ್ತಿಗೂ ನಡೆಯುತ್ತಿದೆ. ಆ ಅಜ್ಜಿ ಬಾಗಿಲು ತಟ್ಟುವ ಮೊದಲು, ನೀನು ದುಡಿಯುತ್ತೀಯಾ ಎಂದು ಕೇಳಿರಲಾರರು.

ಕೊನೆಗೆ ನಿಮ್ಮ ಪಟ್ಟಿ. ಇದಕ್ಕೆ ನನ್ನ ಉತ್ತರ: ಖಂಡಿತ ಬೇಡ. ಆ ಪಟ್ಟಿಯಲ್ಲಿ ಹೆಸರು ಬಂದರೆ ಬಾಡಿಗೆ ಮನೆ ಹೋಗುತ್ತದೆ, ಕೆಲಸ ಹೋಗುತ್ತದೆ, ಮಗುವಿನ ಪಕ್ಕ ಕೂರುವವರು ಎದ್ದು ಹೋಗುತ್ತಾರೆ. ದಾನಿಗಳ ಹೆಸರು ದಪ್ಪಕ್ಷರದಲ್ಲಿ ಬರೆದ ಚೀಲ ಹಿಡಿದು ಬೀದಿಯಲ್ಲಿ ನಡೆಯಲಾಗದೆ, ಹಸಿದಿದ್ದರೂ ಬೇಡ ಎಂದವರಿದ್ದಾರೆ. ಗುಂಪಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದನ್ನೂ ನಿಲ್ಲಿಸಬೇಕು. ಎಲ್ಲ ಬಡವರಿಗೂ ಸಿಗುವ ಚೀಲದಂತೆಯೇ ಇವರ ಚೀಲವೂ ಇರಲಿ. ಬೇರೆ ಹಸಿದವರ ಬಗ್ಗೆ ನೀವು ಕೇಳಿದಿರಲ್ಲ, ಅವರಿಗೂ ಕೊಡಿ ಎಂದು ನೀವು ಬರೆದರೆ ಆ ಪತ್ರವನ್ನೂ ಇದೇ ಪುಟದಲ್ಲಿ ಹಾಕುತ್ತೇನೆ. ಲೆಕ್ಕ ಬೇಕಾದರೆ ಎಷ್ಟು ಚೀಲ ಬಂತು, ಎಷ್ಟು ಹಂಚಿದರು, ಎಷ್ಟು ಹಣ ಖರ್ಚಾಯಿತು ಎಂದು ಗಟ್ಟಿಯಾಗಿ ಕೇಳಿ, ನಾನೂ ನಿಮ್ಮ ಜೊತೆ ಕೇಳುತ್ತೇನೆ. ಹೆಸರು ಮಾತ್ರ ಕೇಳಬೇಡಿ.

– ಸಂಪಾದಕ