ಚಪಾಯೆವ್ ಆಟದಾಗ ಕ್ಯಾರಂ ಕೈ ಯಾಕ ನಡಿಯೂದಿಲ್ಲ?

ಪ್ರಶ್ನೆ: ನನ್ನ ತಮ್ಮ ರಷ್ಯಾದಾಗ ಎಂಬಿಬಿಎಸ್ ಓದಾಕತ್ತಾನ್ರಿ, ಸೂಟಿಗೆ ಬಂದಾಗ ಚೆಸ್ ಬೋರ್ಡಿನಂಥ, ದುಂಡನ ಕಾಯಿ ಇರೋ ಚೆಕರ್ಸ್ ಬೋರ್ಡ್ ತಂದು ಹುಡುಗರಿಗೆ ಚಪಾಯೆವ್ ಅಂತ ಆಟ ಕಲಿಸಿ ಹೋದ. ಈಗ ದಿನಾ ರೂಲ್ಸಿಗೆ ಜಗಳ. ಕ್ಯಾರಂನ್ಯಾಗ ಓಣಿಗೇ ಹುಲಿ ಇರೋ ದೊಡ್ಡ ಮಗ ಇದರಾಗ ಸಣ್ಣವನ ಕೈಲಿ ಸೋಲ್ತಾನ, ಯಾಕ್ರಿ ಅಣ್ಣಾರ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಅಕ್ಕಾರ, ಅವನ ಕ್ಯಾರಂ ಕೈನ ಅವನ್ನ ಸೋಲಸಾಕತ್ತೈತಿ ನೋಡ್ರಿ. ಕ್ಯಾರಂ ಸ್ಟ್ರೈಕರ್ 15 ಗ್ರಾಂ ತನಕ ಇರ್ತೈತಿ, ಕಾಯಿ ಬರೇ 5 ಗ್ರಾಂ ಚಿಲ್ಲರೆ, ಮ್ಯಾಲ ಸುತ್ತಲೂ ಕಟ್ಟಿಗಿ ಪಟ್ಟಿ ಬ್ಯಾರೆ, ಎಷ್ಟ್ ಜೋರ್ ಹೊಡದ್ರೂ ನಡೀತೈತಿ. ಇಲ್ಲಿ ಸ್ಟ್ರೈಕರೂ ಇಲ್ಲ ಪಟ್ಟೀನೂ ಇಲ್ಲ, ನಮ್ಮ ಕಾಯಿಗೇ ಬೆರಳು ಸಿಡಿಸಿ ಎದುರಿನವರ ಕಾಯಿ ಬೋರ್ಡಿಂದ ಕೆಳಗ ಕೆಡವಬೇಕು, ಬಿರುಸಲೆ ಓರೆ ಹೊಡದ್ರ ಅದರ ಬೆನ್ನಿಗೆ ನಮ್ಮದೂ ಹೋಗ್ತೈತಿ. ಎಲ್ಲಾ ಕಾಯಿ ಒಂದೇ ತೂಕ ಇರ್ತಾವಲ್ರಿ, ಹಿಂಗಾಗಿ ನಟ್ಟನಡುವ ನೇರ ತಾಕಿಸಿದ್ರ ವೇಗ ಎಲ್ಲಾ ಎದುರಿನ ಕಾಯಿಗೆ ಹೋಗಿ ನಮ್ಮದು ಹೆಚ್ಚೂಕಡಿಮಿ ಅಲ್ಲೇ ನಿಲ್ತೈತಿ. ಈ ಒಂದು ಹೊಡತ ಕೈಗೆ ಹತ್ತಿದ್ರ ಸಾಕು, ಆಟದ ಮಜಾನೇ ಅದು.

ರೂಲ್ಸ್ ಅಂದ್ರ, ಇಬ್ಬರೂ ತಮ್ಮ ಕಡೀ ಸಾಲಿನ್ಯಾಗ 8-8 ಕಾಯಿ ಇಡಬೇಕು. ಎದುರಿನ ಕಾಯಿ ಬಿದ್ದು ನಮ್ಮದು ಉಳದ್ರ ಇನ್ನೊಂದು ಹೊಡತ, ತಪ್ಪಿದ್ರ ಅಥವಾ ನಮ್ಮದೂ ಬಿದ್ರ ಪಾಳಿ ಅವರಿಗೆ. ಒಬ್ಬರ ಕಾಯಿ ಪೂರಾ ಖಾಲಿ ಆದಮ್ಯಾಲ ಎಲ್ಲಾ ಮತ್ತ ಜೋಡಸ್ತಾರ, ಗೆದ್ದವರ ಸಾಲು ಒಂದು ಮನಿ ಮುಂದ ಬರ್ತೈತಿ, ಹಿಂಗ ಒತ್ತಿಕೋತ ಎದುರಿನವರ ಕಡೀತನಕ ಹೋಗೂದು. ಯುದ್ಧ ಇದ್ದಂಗ ಅನಸ್ತೈತಿ ಅಲ್ರಿ, ಹೆಸರೂ ಯೋಧಂದೇ, ವಸಿಲಿ ಚಪಾಯೆವ್ ಅಂತ ರಷ್ಯಾದ ಅಂತರ್ಯುದ್ಧದಾಗ ಕೆಂಪು ಸೇನಿ ಕಮಾಂಡರ್ ಇದ್ದ, 1887ರಾಗ ಹುಟ್ಟಿ 1919ರಾಗ ಸತ್ತ.

ಸಾಲು ಎದುರಾಬದುರಾ ಬಂದು ಹತ್ತಿದಾಗ ಏನ್ ಮಾಡೂದು ಅನ್ನೂದ್ರಾಗ ಅಲ್ಲಿ ರಷ್ಯಾದಾಗೂ ಒಬ್ಬೊಬ್ಬರದು ಒಂದೊಂದು ರೂಲ್, ಅದಕ್ಕ ನಿಮ್ಮ ಹುಡುಗರಿಬ್ಬರೂ ಹೇಳೂದು ಖರೇನ ಇರಬಹುದು. ಕಾಯಿ ಮುಟ್ಟೂಕಿಂತ ಮೊದಲ ಮಾತಾಡಿ ಹಾಳಿ ಮ್ಯಾಲ ಬರದು ಬೋರ್ಡಿನ ಬಾಜೂಕ ಇಡ್ರಿ. ನಿಮ್ಮದು ಮಡಚೂ ಬೋರ್ಡ್ ಇದ್ರ ನಡುವಿನ ಸಂದಿಗೆ ಕಾಯಿ ತಡವಿ ದಿಕ್ಕು ತಪ್ಪತಾವ, ಸಪಾಟ ಟೇಬಲ್ ಮ್ಯಾಲ ಬಿಗಿಯಾಗಿ ಬಿಚ್ಚಿ ಇಡ್ರಿ, ಬೋರಿಕ್ ಪೌಡರ್ ಮಾತ್ರ ಹಾಕಬ್ಯಾಡ್ರಿ, ಕಾಯಿ ಒಂದೂ ನಿಲ್ಲೂದಿಲ್ಲ.