ರೀಸ್ಟಾರ್ಟ್ ಮಾಡೋ ಮುಂಚೆ ಲೈಟ್ ನೋಡಿ: ಐಟಿ ಸಪೋರ್ಟ್ ಹೊಸಬರ ಪ್ರಶ್ನೆಗಳು

ಪೀಣ್ಯದಿಂದ ಪ್ರಶ್ನೆ: ಡಿಪ್ಲೊಮಾ ಮುಗಿಸಿ ಈಗಷ್ಟೇ ಡೆಸ್ಕ್‌ಟಾಪ್ ಸಪೋರ್ಟ್‌ಗೆ ಸೇರಿದ್ದೀನಿ ಸರ್. ಯಾರಾದ್ರೂ ನೆಟ್ ಬರ್ತಿಲ್ಲ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ, ರೀಸ್ಟಾರ್ಟ್ ಮಾಡಿ ಅಂತೀನಿ. ಮೊನ್ನೆ ಒಂದು ಸಿಸ್ಟಂ ಐಪಿ 169.254 ಅಂತ ಶುರುವಾಗ್ತಿತ್ತು, ಅದೇನು?

ಉತ್ತರ: ರೀಸ್ಟಾರ್ಟ್ ತಪ್ಪಲ್ಲ, ಆದ್ರೆ ಅದನ್ನೇ ಮೊದಲು ಮಾಡಿದ್ರೆ ಕಾರಣ ಏನಿತ್ತು ಅನ್ನೋ ಸುಳಿವೇ ಅಳಿಸಿ ಹೋಗುತ್ತೆ, ನಾಳೆ ಅದೇ ಕಂಪ್ಲೇಂಟ್ ಮತ್ತೆ ಬರುತ್ತೆ. ಹೋದ ತಕ್ಷಣ ಪಕ್ಕದ ಸೀಟಿನವ್ರಿಗೆ ನೆಟ್ ಬರ್ತಿದ್ಯಾ ಅಂತ ಕೇಳಿ. ಅವ್ರಿಗೂ ಇಲ್ಲ ಅಂದ್ರೆ ಈ ಸಿಸ್ಟಂ ಮುಟ್ಟೋದೇ ಬೇಡ, ಸ್ವಿಚ್ಚೋ ರೂಟರ್ರೋ ನೋಡಿ. ಒಬ್ರಿಗೆ ಮಾತ್ರ ಅಂದ್ರೆ ಬಗ್ಗಿ ಸಿಪಿಯು ಹಿಂದೆ ಲ್ಯಾನ್ ಪೋರ್ಟ್ ಲೈಟ್ ಹತ್ತಿದ್ಯಾ ನೋಡಿ. ಹತ್ತಿಲ್ಲ ಅಂದ್ರೆ ಮೊದಲು ಕೇಬಲ್ ಬದಲಾಯಿಸಿ ನೋಡಿ, ವಿಂಡೋಸ್ ಸೆಟ್ಟಿಂಗ್ಸ್ ಒಳಗೆ ಹೋಗೋ ಕೆಲಸ ಇನ್ನೂ ಬಂದಿಲ್ಲ.

ಲೈಟ್ ಇದೆ ಅಂದ್ರೆ ಕಮಾಂಡ್ ಪ್ರಾಂಪ್ಟಲ್ಲಿ ಐಪಿಕಾನ್ಫಿಗ್ (ipconfig) ಹೊಡೀರಿ, ಸಿಸ್ಟಂನ ಐಪಿ, ಅಂದ್ರೆ ನೆಟ್‌ವರ್ಕಲ್ಲಿ ಅದರ ವಿಳಾಸ, ಕಾಣುತ್ತೆ. ನೀವು ನೋಡಿದ 169.254 ಯಾರೂ ಕೊಟ್ಟಿದ್ದಲ್ಲ, ವಿಂಡೋಸ್ ತಾನೇ ಹಾಕ್ಕೊಂಡಿದ್ದು. ಸಿಸ್ಟಂ ಆನ್ ಆದಾಗ ನಂಗೊಂದು ಐಪಿ ಕೊಡಿ ಅಂತ ನೆಟ್‌ವರ್ಕಲ್ಲಿ ಕೂಗಿ ಕೇಳುತ್ತೆ, ಡಿಎಚ್‌ಸಿಪಿ ಸರ್ವರ್ ಕೊಡ್ಬೇಕು, ಚಿಕ್ಕ ಆಫೀಸಲ್ಲಿ ರೂಟರೇ ಆ ಕೆಲಸ ಮಾಡುತ್ತೆ. ಯಾರೂ ಉತ್ತರ ಕೊಡ್ಲಿಲ್ಲ ಅಂದಾಗ ಈ 169.254 ಬರೋದು. ಅಂದ್ರೆ ಕೇಬಲ್ ಸರಿ ಇಲ್ಲ, ಇಲ್ಲಾ ಸ್ವಿಚ್ ಪೋರ್ಟ್ ತಪ್ಪು ವಿಲ್ಯಾನಲ್ಲಿದೆ (ವಿಲ್ಯಾನ್ ಅಂದ್ರೆ ಒಂದೇ ಸ್ವಿಚ್ಚಲ್ಲಿ ಬೇರೆ ಬೇರೆ ಮಾಡಿಟ್ಟ ನೆಟ್‌ವರ್ಕ್), ಇಲ್ಲಾ ಡಿಎಚ್‌ಸಿಪಿನೇ ಮಲಗಿದೆ ಅಥವಾ ಅದರ ಹತ್ರ ಕೊಡೋಕೆ ಐಪಿ ಖಾಲಿ. ಬ್ರೌಸರ್ ಹಿಸ್ಟರಿ ಕ್ಲಿಯರ್ ಮಾಡಿದ್ರೆ ಇದ್ಯಾವುದೂ ಸರಿ ಹೋಗಲ್ಲ.

ಐಪಿ ಸರಿಯಾಗೇ ಇದ್ರೆ ಮೊದಲು ಡಿಫಾಲ್ಟ್ ಗೇಟ್‌ವೇಗೆ (ಹೊರಗೆ ಹೋಗೋ ದಾರಿ, ಸಾಮಾನ್ಯವಾಗಿ ರೂಟರ್) ಪಿಂಗ್ ಮಾಡಿ, ಅಂದ್ರೆ ಉತ್ತರ ಬರುತ್ತಾ ಅಂತ ಕೂಗಿ ನೋಡಿ, ಆಮೇಲೆ ಇಂಟರ್ನೆಟ್ಟಲ್ಲಿರೋ ಗೂಗಲ್ ಸರ್ವರ್ 8.8.8.8ಗೆ, ಕೊನೆಗೆ ಯಾವುದಾದ್ರೂ ವೆಬ್‌ಸೈಟ್ ಹೆಸರಿಗೆ. 8.8.8.8 ಉತ್ತರ ಕೊಟ್ಟು ಹೆಸರಿಗೆ ಮಾತ್ರ ಐಪಿ ಸಿಗ್ತಿಲ್ಲ ಅಂದ್ರೆ ಲೈನ್ ಚೆನ್ನಾಗಿದೆ, ಹೆಸರನ್ನ ಐಪಿಗೆ ಬದಲಾಯಿಸೋ ಡಿಎನ್ಎಸ್ ಕಡೆ ನೋಡಿ. ಕೆಲವು ಆಫೀಸಲ್ಲಿ ಫೈರ್‌ವಾಲಲ್ಲಿ ಪಿಂಗ್ ಬ್ಲಾಕ್ ಮಾಡಿರ್ತಾರೆ, ಹಾಗಾಗಿ ಪಕ್ಕದ ಸಿಸ್ಟಮಲ್ಲೂ ಅದೇ ಪಿಂಗ್ ಹೊಡೆದು ಹೋಲಿಸಿ, ಆಮೇಲೆ ತೀರ್ಮಾನ ಮಾಡಿ.

ರಾಜಾಜಿನಗರದಿಂದ ಪ್ರಶ್ನೆ: ಮನೆ ಪಿಸಿಯಲ್ಲಿ ಫ್ಯಾನ್ ತಿರುಗುತ್ತೆ, ಡಿಸ್ಪ್ಲೇ ಬರಲ್ಲ. ಮದರ್‌ಬೋರ್ಡ್ ಹೋಗಿದೆ ಅಂತಿದ್ದಾರೆ ಒಬ್ರು.

ಉತ್ತರ: ಫ್ಯಾನ್ ತಿರುಗಿದ್ರೆ ಕರೆಂಟ್ ಒಳಗೆ ಹೋಗ್ತಿದೆ ಅಂತ ಮಾತ್ರ ಅರ್ಥ, ಬೋರ್ಡ್ ಹೋಗಿದೆ ಅಂತ ಅಲ್ಲ. ಬೋರ್ಡ್ ಅನ್ನೋದು ಎಲ್ಲಾ ನೋಡಿ ಆದ್ಮೇಲೆ ಕೊನೇಲಿ ಹೇಳೋ ಮಾತು, ಅದನ್ನ ಮೊದಲೇ ಹೇಳಿ ಜನರ ದುಡ್ಡು ಖರ್ಚು ಮಾಡಿಸೋದು ನಂಗೆ ಒಂಚೂರೂ ಇಷ್ಟ ಆಗಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ರೆ ಮಾನಿಟರ್ ಕೇಬಲ್ ಆ ಕಾರ್ಡಿಗೇ ಹಾಕಿದ್ಯಾ ನೋಡಿ, ಎಷ್ಟೋ ಸಲ ಮದರ್‌ಬೋರ್ಡ್ ಪೋರ್ಟಿಗೆ ಚುಚ್ಚಿರ್ತಾರೆ. ಅದು ಸರಿ ಇದ್ರೆ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಕೈಯಲ್ಲಿರೋ ಸ್ಟ್ಯಾಟಿಕ್ ಬಿಟ್ಟು, ರ‍್ಯಾಮ್ ತೆಗೆದು ಮತ್ತೆ ಟಕ್ ಅನ್ನೋವರೆಗೂ ಒತ್ತಿ ಕೂರಿಸಿ. ಎರಡು ರ‍್ಯಾಮ್ ಇದ್ರೆ ಒಂದೊಂದನ್ನೇ ಹಾಕಿ ನೋಡಿ, ಸ್ಲಾಟ್ ಕೂಡ ಬದಲಾಯಿಸಿ, ಆದ್ರೆ ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲಾಂದ್ರೆ ಯಾವುದರಿಂದ ಸರಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಬೀಪ್ ಶಬ್ದ ಬಂದ್ರೆ ಎಣಿಸ್ಕೊಳ್ಳಿ, ಬಯೋಸ್ (ಪಿಸಿ ಆನ್ ಆದ ತಕ್ಷಣ ಓಡೋ ಬೋರ್ಡಿನ ಸಾಫ್ಟ್‌ವೇರ್) ಕಂಪನಿಗೆ ತಕ್ಕ ಹಾಗೆ ಅರ್ಥ ಬೇರೆ, ಮ್ಯಾನ್ಯುಯಲಲ್ಲಿ ಸಿಗುತ್ತೆ. ಎಷ್ಟೋ ಹೊಸ ಬೋರ್ಡುಗಳಲ್ಲಿ ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ವಿಂಡೋಸ್ ಇರೋ ಡಿಸ್ಕ್) ಅಂತ ಪುಟ್ಟ ಲೈಟುಗಳಿರುತ್ವೆ, ಯಾವುದು ಹತ್ತಿ ನಿಂತಿದೆಯೋ ತೊಂದರೆ ಅಲ್ಲೇ ಹುಡುಕಿ.

ಹೊಸ ರ‍್ಯಾಮ್ ತರೋಕೆ ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗೋದಾದ್ರೆ ಹಳೇದನ್ನ ಜೊತೇಲಿ ತಗೊಂಡು ಹೋಗಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಸ್ಲಾಟಿಗೆ ಇನ್ನೊಂದು ಕೂರಲ್ಲ, ಮಧ್ಯದ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ, ಜೋರು ಮಾಡ್ಬೇಡಿ. ಮತ್ತೆ ಪಿಸಿಗೆ ಕರೆಂಟ್ ಕೊಡೋ ಎಸ್ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಲೇಬೇಡಿ ದಯವಿಟ್ಟು, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಲ್ಲಿ ಶಾಕ್ ಹೊಡೆಯೋಷ್ಟು ಚಾರ್ಜ್ ಉಳಿದಿರಬಹುದು.

ಯಲಹಂಕದಿಂದ ಪ್ರಶ್ನೆ: 300 ಎಂಬಿಪಿಎಸ್ ಪ್ಲಾನ್, ರೂಟರ್ ಲ್ಯಾಪ್‌ಟಾಪ್ ಎರಡೂ ಗಿಗಾಬಿಟ್ (1000 ಎಂಬಿಪಿಎಸ್), ನಾನೇ ಕ್ರಿಂಪ್ ಮಾಡಿದ, ಅಂದ್ರೆ ತುದಿಗೆ ಪ್ಲಗ್ ಒತ್ತಿ ಕೂರಿಸಿದ, ಕೇಬಲಲ್ಲಿ 95 ದಾಟಲ್ಲ.

ಉತ್ತರ: ನಿಮ್ಮ ಲಿಂಕ್ 100ಕ್ಕೆ ಇಳಿದಿದೆ, ಅಡಾಪ್ಟರ್ ಸ್ಟೇಟಸ್ ತೆಗೆದು ನೋಡಿದ್ರೆ ಅಲ್ಲೇ ಕಾಣುತ್ತೆ. ಕೇಬಲಲ್ಲಿ ಎಂಟು ವೈರ್ ಇದ್ರೂ 100 ಸ್ಪೀಡಿಗೆ ನಾಲ್ಕೇ ಸಾಕು, 1, 2, 3, 6ನೇ ಪಿನ್. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಬ್ರೌನ್ ಜೋಡಿಯಲ್ಲಿ ಒಂದು ವೈರ್ ಪಿನ್ನಿಗೆ ತಾಗಿಲ್ಲದೇ ಇದ್ರೂ ನೆಟ್ ಬರುತ್ತೆ, ಸ್ಪೀಡ್ ಮಾತ್ರ ಬರಲ್ಲ. ಎರಡೂ ತುದಿ ಕತ್ತರಿಸಿ, ಕ್ಲಿಪ್ ಕೆಳಗಡೆ ಇರೋ ಹಾಗೆ ಹಿಡ್ಕೊಂಡು ಎಡದಿಂದ ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್ ಅಂತ ಜೋಡಿಸಿ. ಎಂಟೂ ತುದಿ ಪ್ಲಗ್ಗಿನ ಮುಂದಿನ ಗೋಡೆಗೆ ಮುಟ್ಟಿರೋದು ಕಣ್ಣಿಗೆ ಕಂಡ ಮೇಲೇ ಕ್ರಿಂಪ್ ಒತ್ತಿ, ಹೊರಗಿನ ಸಿಪ್ಪೆನೂ ಪ್ಲಗ್ ಒಳಗೆ ಸಿಕ್ಕಿರ್ಬೇಕು. ಮತ್ತೆ ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ಆದ್ರೆ ಬೇಗ ಮುರಿಯುತ್ತೆ.

ಕೆಂಗೇರಿಯಿಂದ ಪ್ರಶ್ನೆ: ಕರೆಂಟ್ ಹೋಗಿ ಬಂದಾಗೆಲ್ಲ ಪಿಸಿಯಲ್ಲಿ ಹಳೇ ತಾರೀಕು, ಯಾವ ಸೈಟ್ ತೆಗೆದ್ರೂ ಸೇಫ್ ಅಲ್ಲ ಅನ್ನುತ್ತೆ. ವೈರಸ್ಸಾ?

ಉತ್ತರ: ಇಷ್ಟು ನೋಡಿದ್ರೆ ವೈರಸ್ ಅನ್ಸಲ್ಲ, ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಇರೋ ಸಿಮಾಸ್ ಬ್ಯಾಟರಿ, ಕರೆಂಟ್ ಇಲ್ಲದಾಗ ಪಿಸಿ ಗಡಿಯಾರ ನಡೆಸೋದು, ಮುಗಿದಿದೆ. ಸೈಟ್ ಅಸಲಿ ಅಂತ ತೋರಿಸೋ ಸರ್ಟಿಫಿಕೇಟಿಗೆ ಶುರು ಮತ್ತೆ ಕೊನೆ ದಿನಾಂಕ ಇರುತ್ತೆ, ನಿಮ್ಮ ಪಿಸಿ ಇನ್ನೂ ಹಿಂದಿನ ಯಾವುದೋ ವರ್ಷದಲ್ಲಿ ನಿಂತಿದ್ರೆ ಬ್ರೌಸರ್ ಅದನ್ನ ಒಪ್ಪಲ್ಲ. ಸಿಆರ್2032, 3 ವೋಲ್ಟಿಂದು, ಬಡಾವಣೆ ವಾಚ್ ಅಂಗಡೀಲೂ ಸಿಗುತ್ತೆ. ಪ್ಲಗ್ ಕಿತ್ತು, ಪ್ಲಸ್ ಮೇಲೆ ಬರೋ ಹಾಗೆ ಹಾಕಿ, ಬಯೋಸಲ್ಲಿ ಒಂದ್ಸಲ ತಾರೀಕು ಸರಿ ಮಾಡಿ ಸೇವ್ ಮಾಡಿ.